ಆಡುವವರು ಬರೆಯುವವರೂ ಆಗಲಿ



ನೀವು ಮೊಬೈಲಿನಲ್ಲಿ ಆಡುವ ಪ್ರತಿ ಆಟದ ಹಿಂದೆ ಯಾರೋ ಬರೆದ ಕೋಡ್ ಇದೆ. ಆಪಲ್ ಕಂಪೆನಿಯ ಆಪ್ ಸ್ಟೋರ್ ನಿಯಮದ ಪ್ರಕಾರ, ಪರಿಶೀಲನೆಗೊಂಡ ಆಟವು ಆಮೇಲೆ ಹೊಸ ಕೋಡ್ ಇಳಿಸಿಕೊಂಡು ತನ್ನ ಕೆಲಸವನ್ನೇ ಬದಲಿಸಿಕೊಳ್ಳುವಂತಿಲ್ಲ. ಮೌಲ್ಯಮಾಪನ ಮುಗಿದ ಮೇಲೆ ಉತ್ತರಪತ್ರಿಕೆ ಬದಲಿಸಲು ಬಿಡುತ್ತೇವೆಯೇ? ಬಳಕೆದಾರರ ರಕ್ಷಣೆಗೆ ಇದು ಅಗತ್ಯ.

ಆದರೆ ನಿಯಮ ಬಿಗಿಯಾಗಿದ್ದ 2010ರ ಏಪ್ರಿಲ್‌ನಲ್ಲಿ, ಮಕ್ಕಳು ಸ್ಕ್ರ್ಯಾಚ್ ಭಾಷೆಯಲ್ಲಿ ರಚಿಸಿದ ಆಟಗಳನ್ನು ತೋರಿಸುತ್ತಿದ್ದ ಆಪ್ ಕೂಡ ಸ್ಟೋರಿನಿಂದ ಹೊರಬಿತ್ತು. ಈಗ ವಿನಾಯಿತಿ ಇದೆ. ಪ್ರೋಗ್ರಾಮಿಂಗ್ ಕಲಿಸುವ ಆಪ್‌ಗಳು ಸೀಮಿತವಾಗಿ ಕೋಡ್ ಇಳಿಸಿಕೊಳ್ಳಬಹುದು. ಷರತ್ತೇನೆಂದರೆ, ಆ ಕೋಡ್ ಕಲಿಯುವವರಿಗೆ ಪೂರ್ತಿ ಕಾಣಬೇಕು, ಅವರು ಅದನ್ನು ತಿದ್ದುವಂತಿರಬೇಕು.

ಈ ಷರತ್ತು ನಿಮಗೆ ಸಿಕ್ಕ ಹಕ್ಕು. ಬರೀ ಆಡಬೇಡಿ, ಒಂದು ಸಾಲನ್ನಾದರೂ ತಿದ್ದಿ ನೋಡಿ.