ಹಾಡು ಉಳಿಯುವ ಬಗೆ

ಸಂಗೀತದ ವಿಚಾರ ಬಂದಾಗ ನಾವು ‘ಶಾಸ್ತ್ರೀಯ’ ಎಂಬ ಮಾತನ್ನೂ ‘ಅಭಿಜಾತ’ ಎಂಬ ಮಾತನ್ನೂ ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಅವೆರಡೂ ಒಂದೇ ಅಲ್ಲ. ರಾಗ, ತಾಳ, ಲಕ್ಷಣಗಳಿಗೆ ಬದ್ಧವಾದದ್ದು ಶಾಸ್ತ್ರೀಯ. ಅಂಥ ರಚನೆಗಳು ಎಷ್ಟೋ ಹುಟ್ಟಿ, ಲಕ್ಷಣದಲ್ಲಿ ಎಳ್ಳಷ್ಟೂ ಲೋಪವಿಲ್ಲದೆಯೇ ಮರೆತುಹೋಗಿವೆ. ಆದರೆ ಹಾಡಿದವರು ಹೋದ ಮೇಲೂ, ಕೇಳಿದವರು ಹೋದ ಮೇಲೂ, ಮೂರನೆಯ ನಾಲ್ಕನೆಯ ತಲೆಮಾರಿನ ಬಾಯಲ್ಲಿ ನಿಂತ ಹಾಡೆಂಬುದೊಂದುಂಟು. ಅದನ್ನು ಅಭಿಜಾತವೆನ್ನೋಣ. ಅದು ಯಾವ ಗುಣದಿಂದ ನಿಂತಿತು ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಾನಿರುವುದು ಮಾಚೇನಹಳ್ಳಿಯಲ್ಲಿ. ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಹೆದ್ದಾರಿಯ ಮೇಲಿರುವ ಊರು. ಹಾಲಿನ ಡೇರಿ, ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಜನ. ಸಂಗೀತಕ್ಕೆ ಹೆಸರಾದ ಊರೇನೂ ಅಲ್ಲ. ಆದರೆ ಒಂದು ಕಡೆ, ಶಿವಮೊಗ್ಗೆಯಾಚೆ ತುಂಗೆಯ ದಡದಲ್ಲಿ, ಗಮಕಕ್ಕೆ ಹೆಸರಾದ ಹೊಸಹಳ್ಳಿಯಿದೆ. ಇನ್ನೊಂದು ಕಡೆ 1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿ ಕೇಂದ್ರವಿದೆ. ಹಾಡು ಉಳಿಯುವುದಕ್ಕೆ ಇರುವ ಎರಡು ಬೇರೆ ಬೇರೆ ದಾರಿಗಳು ಹೀಗೆ ನಮ್ಮ ಎರಡು ಪಕ್ಕದಲ್ಲಿವೆ: ಕಂಠದಿಂದ ಕಂಠಕ್ಕೆ ಹೋಗುವುದು ಒಂದು, ಯಂತ್ರದಿಂದ ಕಿವಿಗೆ ಬರುವುದು ಇನ್ನೊಂದು.

ಮೊದಲು ಗಮಕವನ್ನು ನೋಡೋಣ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರಂಥ ಗಮಕಿಗಳು ವಾಚಿಸಿದ ಕುಮಾರವ್ಯಾಸನ ಪದ್ಯಕ್ಕೆ ಇಂಥದೇ ರಾಗವೆಂಬ ಕಟ್ಟಿಲ್ಲ. ಇಂದು ಒಂದು ರಾಗದಲ್ಲಿ ಕೇಳಿದ ಪದ್ಯವನ್ನು ನಾಳೆ ಅವರೇ ಇನ್ನೊಂದು ರಾಗದಲ್ಲಿ ವಾಚಿಸಬಹುದು. ಸನ್ನಿವೇಶದ ಭಾವ ಯಾವುದನ್ನು ಬೇಡುತ್ತದೋ ಅದು. ತಾಳದ ಬಿಗಿಯೂ ಇಲ್ಲ. ಹಾಗಾದರೆ ಸ್ಥಿರವಾಗಿ ನಿಂತದ್ದು ಯಾವುದು? ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ಆ ನಡಿಗೆ, ಪದ ಒಡೆಯದಂತೆ ಅರ್ಥವನ್ನು ಕಾಯುವ ಆ ಎಚ್ಚರ. ಐದಾರು ಶತಮಾನಗಳಿಂದ ಕುಮಾರವ್ಯಾಸನ ಕಾವ್ಯ ಓದುಬಾರದವರ ಮನೆಯ ಜಗುಲಿಯನ್ನೂ ಮುಟ್ಟಿದ್ದು ಈ ಸಡಿಲ ಮತ್ತು ಬಿಗಿಗಳ ಹೊಂದಾಣಿಕೆಯಿಂದ.

ದಾಸರ ಹಾಡುಗಳ ಕಥೆ ಇನ್ನೂ ವಿಚಿತ್ರ. ಪುರಂದರದಾಸರು 1564ರಲ್ಲಿ ಹಂಪೆಯಲ್ಲಿ ಕಾಲವಾದರೆಂಬುದು ಸಂಪ್ರದಾಯದ ಮಾತು. ಅವರ ದೇವರನಾಮಗಳಿಗೆ ಅವರೇ ಹಾಕಿದ ಮಟ್ಟುಗಳು ಬಹುತೇಕ ಕಳೆದುಹೋದವು. ಇಂದು ಕಚೇರಿಯಲ್ಲಿ ಕೇಳುವ ಧಾಟಿಗಳು ಬಹಳಮಟ್ಟಿಗೆ ಈಚಿನವು. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ವನ್ನು ಭೀಮಸೇನ ಜೋಶಿಯವರು ಹಾಡಿದ ಬಗೆ ಒಂದು, ಕರ್ನಾಟಕ ಸಂಗೀತದ ವಿದ್ವಾಂಸರು ಹಾಡುವ ಬಗೆ ಇನ್ನೊಂದು, ಶುಕ್ರವಾರದ ಸಂಜೆ ದೀಪ ಹಚ್ಚಿ ನಮ್ಮ ಮನೆಗಳ ಹೆಂಗಸರು ಹೇಳಿಕೊಳ್ಳುವ ಬಗೆ ಮೂರನೆಯದು. ಈ ಮೂರನೆಯದರಲ್ಲಿ ಆಲಾಪನೆಯಿಲ್ಲ, ಸಂಗತಿಯಿಲ್ಲ; ಆದರೆ ಹಾಡನ್ನು ಬದುಕಿಸಿಕೊಂಡು ಬಂದವರಲ್ಲಿ ಅವರ ಪಾಲೇ ದೊಡ್ಡದೆಂದು ನನ್ನ ನಂಬಿಕೆ. ಕಚೇರಿ ವರ್ಷಕ್ಕೆ ನಾಲ್ಕು ಸಲ, ಶುಕ್ರವಾರ ಐವತ್ತೆರಡು ಸಲ.

ಹಾಗೆಂದು ದಾಸರ ಸ್ವರವೆಲ್ಲವೂ ಹೋಯಿತೆಂದಲ್ಲ. ಅವರದೆಂದು ಪರಂಪರೆ ಹೇಳುವ ಪಿಳ್ಳಾರಿ ಗೀತೆಗಳನ್ನು, ಮಲಹರಿ ರಾಗದ ಆ ಪುಟ್ಟ ಗೀತೆಗಳನ್ನು, ಇಂದಿಗೂ ಸಂಗೀತ ಕಲಿಯುವ ಮಗು ಸ್ವರಸಹಿತವಾಗಿ ಕಲಿಯುತ್ತದೆ. ಮಾಯಾಮಾಳವಗೌಳದ ಸರಳೆ ವರಸೆಗಳ ಮಾತೂ ಹಾಗೆಯೇ. ಪಾಠದ ಕೋಣೆಯಲ್ಲಿ ಸ್ವರ ಉಳಿಯಿತು, ದೇವರ ಕೋಣೆಯಲ್ಲಿ ಮಾತು ಉಳಿಯಿತು. ಎಲ್ಲಿ ಯಾವುದರ ಅಗತ್ಯವಿತ್ತೋ ಅದನ್ನು ಜನ ಕಾಪಾಡಿದರು, ಉಳಿದದ್ದನ್ನು ಕೈಬಿಟ್ಟರು.

ತ್ಯಾಗರಾಜರ ಕೃತಿಗಳಲ್ಲಿ ಇದು ತಿರುವುಮುರುವಾಗಿದೆ. ತೆಲುಗು ಬಾರದ ನಮ್ಮಲ್ಲಿ ಅನೇಕರು ಆ ಕೃತಿಗಳ ಸಾಹಿತ್ಯವನ್ನು ತಪ್ಪಾಗಿ ಒಡೆದು ಹಾಡುತ್ತಾರೆ; ಸಂಗತಿಗಳನ್ನು ಮಾತ್ರ ಕಣ್ಣಿಗೊತ್ತಿಕೊಂಡು ಕಾಯುತ್ತಾರೆ. ವಾಲಾಜಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನಂ ಎಂಬ ಶಿಷ್ಯಪರಂಪರೆಗಳು ಆ ಮಟ್ಟುಗಳನ್ನು ಸಾಗಿಸಿದವು. ಸಾಗಿಸುವಾಗ ಪಾಠಾಂತರಗಳು ಬೆಳೆದವು, ಹೊಸ ಸಂಗತಿಗಳು ಸೇರಿದವು. 1847ರಲ್ಲಿ ತೀರಿಕೊಂಡ ಆ ಮಹನೀಯರು ಇಂದಿನ ಕಚೇರಿಯಲ್ಲಿ ಕುಳಿತು ಕೇಳಿದರೆ ತಮ್ಮ ಕೃತಿಯನ್ನು ಗುರುತಿಸುವರೆಂಬುದು ನಿಜ. ಒಂದೆರಡು ಕಡೆ ಹುಬ್ಬೇರಿಸುವರೆಂಬುದೂ ನಿಜವಿರಬೇಕು.

ಇನ್ನು ನಮ್ಮ ಕಾಲಕ್ಕೆ ಬರೋಣ. ಭಾವಗೀತೆಯನ್ನು ಹಾಡಾಗಿ ಕನ್ನಡಿಗರ ಮನೆಗೆ ತಲುಪಿಸಿದವರಲ್ಲಿ ಪಿ. ಕಾಳಿಂಗರಾಯರು ಮೊದಲಿಗರ ಸಾಲಿನವರು. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ದೀರ್ಘವಾದ ಕವಿತೆ ಅಷ್ಟರಲ್ಲಿ ಅಡಗಬೇಕಾದರೆ ಕೆಲವು ನುಡಿಗಳು ಹೊರಗುಳಿಯಲೇಬೇಕು. ಹಾಗೆ ಹೊರಗುಳಿದ ನುಡಿಗಳು ಪುಸ್ತಕದಲ್ಲಿ ಮಾತ್ರ ಉಳಿದು, ಹಾಡನ್ನು ಬಲ್ಲವರಿಗೂ ಅಪರಿಚಿತವಾದವು. ಆಮೇಲೆ ಧ್ವನಿಸುರುಳಿ ಬಂತು. ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಧ್ವನಿಸುರುಳಿಯಾಗಿ ಹೊರಟಿತು. ನಮ್ಮ ಜಿಲ್ಲೆಯ ಜೋಗವೂ ತುಂಗೆಯೂ ಬರುವ ಆ ಹಾಡನ್ನು ಜನ ಕವಿತೆಯಾಗಿ ಓದುವುದಕ್ಕಿಂತ ಮೊದಲೇ ಹಾಡಾಗಿ ಬಲ್ಲರು.

ಮುದ್ರಣದಿಂದ ಆದ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ಅದರೊಡನೆ ಹೊಸದೊಂದು ಭಯವೂ ಬಂದಿದೆ. ಕೆಲವು ವರ್ಷಗಳಿಂದ ಶಾಲಾಮಕ್ಕಳ ಭಾವಗೀತೆ ಸ್ಪರ್ಧೆಗಳಿಗೆ ನನ್ನನ್ನು ತೀರ್ಪುಗಾರನಾಗಿ ಕರೆಯುತ್ತಾರೆ. ಮಕ್ಕಳು ಮೊಬೈಲಿನಲ್ಲಿ ಕೇಳಿ ಕಲಿತು ಬಂದಿರುತ್ತಾರೆ. ಮೂಲ ಗಾಯಕ ಉಸಿರು ತೆಗೆದುಕೊಂಡಲ್ಲಿ ತಾವೂ ಉಸಿರು ತೆಗೆದುಕೊಳ್ಳುತ್ತಾರೆ. ಅವರ ಕಂಠ ಗೊಗ್ಗರಾದಲ್ಲಿ ಒಂಬತ್ತು ವರ್ಷದ ಹುಡುಗನೂ ಗೊಗ್ಗರಾಗುತ್ತಾನೆ. ಒಮ್ಮೆ ಒಬ್ಬ ಹುಡುಗಿ ಗೊತ್ತಿರುವ ಹಾಡನ್ನೇ ನಿಧಾನಗತಿಯಲ್ಲಿ, ಒಂದು ಸಾಲನ್ನು ಬೇರೆಯಾಗಿ ತಿರುವಿ ಹಾಡಿದಳು. ಅರ್ಥ ಬೆಳಗಿತು. ನಾನು ಹೆಚ್ಚು ಅಂಕ ಕೊಟ್ಟೆ. ಹೊರಗೆ ಬಂದಾಗ ಒಬ್ಬ ತಂದೆ, ‘ಸಾರ್, ಅವಳು ಕ್ಯಾಸೆಟ್ಟಿನಲ್ಲಿರುವ ಹಾಗೆ ಹಾಡಲೇ ಇಲ್ಲವಲ್ಲ?’ ಎಂದರು. ಅದು ಅಸೂಯೆಯ ಮಾತಲ್ಲ, ಪ್ರಾಮಾಣಿಕವಾದ ಆಕ್ಷೇಪಣೆ. ಧ್ವನಿಮುದ್ರಿಕೆಯೇ ಹಾಡು ಎಂದು ಅವರು ತಿಳಿದಿದ್ದರು. ದಾಸರ ಕಾಲದಲ್ಲಿ ಧ್ವನಿಮುದ್ರಣವಿದ್ದು, ಈ ತಂದೆಯಂಥವರೇ ಪ್ರತಿ ಶುಕ್ರವಾರ ಬಾಗಿಲಲ್ಲಿ ಕಾವಲು ಕುಳಿತಿದ್ದರೆ ಇಂದು ನಮಗೆ ದಾಸರ ಹಾಡುಗಳು ಎಷ್ಟು ಉಳಿಯುತ್ತಿದ್ದವೋ ನಾನು ಹೇಳಲಾರೆ.

ಒಂದೇ ಧಾಟಿ ಬೇಕಾಗುವ ಸಂದರ್ಭಗಳೂ ಇವೆ. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ, ಎರಡೂವರೆ ನಿಮಿಷಗಳ ಮಿತಿಯಲ್ಲಿ, ಹಾಡಬೇಕೆಂದು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಸಿ. ಅಶ್ವಥ್ ಅವರ ಧಾಟಿಯನ್ನು ಮೆಚ್ಚಿದವರು ನೊಂದುಕೊಂಡರು. ಸಭೆಯಲ್ಲಿ ನೂರಾರು ಜನ ಒಟ್ಟಿಗೆ ಹಾಡಬೇಕಾದಾಗ ಒಂದು ಒಪ್ಪಂದ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆದೇಶದಿಂದ ಸಭೆ ನಡೆಯುತ್ತದೆಯೇ ಹೊರತು ಹಾಡು ಬೆಳೆಯುವುದಿಲ್ಲ. ಇಬ್ಬರು ಸಮರ್ಥರು ಅದಕ್ಕೆ ಎರಡು ಮಟ್ಟು ಹಾಕಿದರಲ್ಲ, ಎರಡಕ್ಕೂ ಜಗಳವಾಡುವಷ್ಟು ಪ್ರೀತಿಸುವ ಜನರಿದ್ದರಲ್ಲ, ಆ ಕವಿತೆಯ ಕಸುವಿಗೆ ಅದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಹಾಡಿಗೆ ಒಡ್ಡಬೇಕಾದ ಪರೀಕ್ಷೆಯೆಂದರೆ, ತನ್ನ ಮೊದಲ ಗಾಯಕನನ್ನು ಬಿಟ್ಟು ಅದು ಬದುಕಬಲ್ಲುದೇ ಎಂಬುದು. ಈ ಪರೀಕ್ಷೆಯಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ನಮ್ಮ ಜಿಲ್ಲೆಯ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ಹಾಡು. ಚಂದ್ರಶೇಖರ ಕಂಬಾರರ ‘ಕಾಡುಕುದುರೆ’ ಚಿತ್ರದ ಆ ಹಾಡಿಗಾಗಿ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂದಿತು. ಆ ಗೌರವ ಪಡೆದ ಮೊದಲ ಕನ್ನಡಿಗರು ಅವರು. ವೃತ್ತಿಯಿಂದ ವಕೀಲರು. ಆ ತುಂಬುಕಂಠ, ಮೇಲಿನ ಸ್ಥಾಯಿಗೆ ಒಮ್ಮೆಲೇ ನೆಗೆಯುವ ಆ ಧೈರ್ಯ ಹಾಡಿನೊಡನೆ ಎಷ್ಟು ಬೆಸೆದುಹೋಗಿತ್ತೆಂದರೆ, ಅವರಿಲ್ಲದೆ ಆ ಹಾಡನ್ನು ಕಲ್ಪಿಸಿಕೊಳ್ಳುವುದೇ ಕಷ್ಟವಾಗಿತ್ತು. 2022ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಹಾಡೂ ಅವರೊಡನೆ ಹೋಯಿತೆಂದೇ ಸ್ನೇಹಿತರೊಬ್ಬರು ಹೇಳಿದರು. ನಾನು ಎದುರಾಡಲಿಲ್ಲ.

ಈಚೆಗೆ ಒಂದು ಸಂಜೆ ಹೆದ್ದಾರಿಯ ಬದಿಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯ ಹೆಣ್ಣುಮಕ್ಕಳು ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದರು. ಅವರಲ್ಲೊಬ್ಬಳು ಊಟದ ಡಬ್ಬಿಯ ಮೇಲೆ ಬೆರಳಲ್ಲಿ ಬಡಿಯುತ್ತ ಆ ಹಾಡನ್ನೇ ಹೇಳುತ್ತಿದ್ದಳು. ಸುಬ್ಬಣ್ಣನವರ ನೆಗೆತ ಅದರಲ್ಲಿರಲಿಲ್ಲ. ಮೇಲಕ್ಕೆ ಹೋಗಬೇಕಾದಲ್ಲಿ ಅವಳು ಕೆಳಗೇ ಉಳಿದು, ಕೋಲಾಟದ ಹೆಜ್ಜೆಗೆ ಹೊಂದುವಂತೆ ಅದನ್ನು ಬಾಗಿಸಿಕೊಂಡಿದ್ದಳು. ಉಳಿದವರು ಕೊನೆಯ ಮಾತನ್ನು ಒಟ್ಟಿಗೆ ಎತ್ತಿಕೊಳ್ಳುತ್ತಿದ್ದರು. ಹಾಡು ಯಾರದಮ್ಮ ಎಂದು ಕೇಳಿದೆ. ಅವಳು ಒಂದು ಕ್ಷಣ ನಾಚಿ, ‘ನಮ್ಮಕ್ಕ ಹೇಳ್ಕೊಟ್ಟಿದ್ದು, ಸಾರ್’ ಎಂದಳು. ಅಷ್ಟರಲ್ಲಿ ಭದ್ರಾವತಿಯ ಬಸ್ಸು ಬಂತು.