ಹೆದರಿಸುವ ಮಾತು, ಎಚ್ಚರಿಸುವ ಮಾತು



ರೋಗ ಬಂದಾಗ ಮನುಷ್ಯನಿಗೆ ಎರಡು ಕಷ್ಟ. ಒಂದು ದೇಹದ್ದು, ಇನ್ನೊಂದು ಮನಸ್ಸಿನದು. ದೇಹದ ನೋವಿಗೆ ವೈದ್ಯರು ಔಷಧ ಕೊಟ್ಟಾರು. ಕಂಡಕಂಡವರ ಮಾತು ಕೇಳಿ ಕಂಗೆಟ್ಟ ಮನಸ್ಸಿಗೆ ಔಷಧ ಯಾವುದು? ಹಿಂದೆ ಇಂಥ ಮಾತು ಅರಳಿಕಟ್ಟೆಯಲ್ಲಿ ಹುಟ್ಟಿ ಅಗಸೆ ಬಾಗಿಲಲ್ಲಿ ನಿಲ್ಲುತ್ತಿತ್ತು. ಈಗ ಅಂಗೈಯ ಮೊಬೈಲಿನಿಂದ ಹೊರಟು ನೂರು ಊರು ಮುಟ್ಟುತ್ತದೆ.

ಒಂದು ದೃಷ್ಟಾಂತ ತೆಗೆದುಕೊಳ್ಳೋಣ. ಮಗುವಿಗೆ ಬೀದಿನಾಯಿ ಕಚ್ಚಿತೆನ್ನಿ. ಒಬ್ಬನು 'ಹೊಕ್ಕುಳ ಸುತ್ತ 14 ಸೂಜಿ' ಎನ್ನುತ್ತಾನೆ. ಮತ್ತೊಬ್ಬನು 'ಗಾಯಕ್ಕೆ ಖಾರದಪುಡಿ ತುಂಬಿರಿ' ಎನ್ನುತ್ತಾನೆ. ಇನ್ನೊಬ್ಬನು 'ನಾಯಿ ಸತ್ತರೆ ನೋಡೋಣ' ಎನ್ನುತ್ತಾನೆ. ತಾಯಿ ಯಾರ ಮಾತು ಕೇಳಬೇಕು? ಸೂಜಿಯ ಹೆಸರಿಗೇ ಅಂಜಿ ಮಗುವೇ ಗಾಯವನ್ನು ಮುಚ್ಚಿಟ್ಟರೆ ಗತಿಯೇನು?

14 ಸೂಜಿಯ ಮಾತು ಕಟ್ಟುಕತೆಯಲ್ಲ, ಕಾಲ ಮೀರಿದ ಮಾತು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಲಸಿಕೆಯನ್ನು ದಿನದಿನವೂ ಹೊಟ್ಟೆಗೆ ಚುಚ್ಚಬೇಕಾಗಿತ್ತು. ನಮ್ಮ ದೇಶದಲ್ಲಿ ಅದರ ತಯಾರಿಕೆ 2004ರಲ್ಲಿ ನಿಂತಿತು. ಈಗಿನ ಲಸಿಕೆ ತೋಳಿಗೆ, ಎಳೆಯ ಮಕ್ಕಳಿಗೆ ತೊಡೆಗೆ. ತಿಂಗಳೊಳಗೆ ನಾಲ್ಕೈದು ಸಲ ಹೋಗಿಬಂದರೆ ಮುಗಿಯಿತು. 1885ರಲ್ಲಿ ಪ್ಯಾರಿಸ್ಸಿನ ಲೂಯಿ ಪಾಶ್ಚರರು 9 ವರ್ಷದ ಬಾಲಕನನ್ನು ಉಳಿಸಿದಂದು ಆರಂಭವಾದ ವಿದ್ಯೆ ಇಲ್ಲಿಯತನಕ ಬೆಳೆದು ಬಂದಿದೆ.

ಮಾಡಬೇಕಾದುದು ಇಷ್ಟೆ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಖಾರ, ಸುಣ್ಣ, ಅರಿಸಿನ ಯಾವುದೂ ಬೇಡ. ಅಂದೇ ಆಸ್ಪತ್ರೆಗೆ ಹೋಗಿರಿ. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೂ ಇನ್ನೊಂದು ಚುಚ್ಚುಮದ್ದು ಬೇಕು. ಅದನ್ನು ಕೇಳಿ ತಿಳಿಯಿರಿ. ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬೇಡಿ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಅದಕ್ಕೆ ಮೊದಲು, ಸಕಾಲದಲ್ಲಿ, ತಡೆಯುವ ದಾರಿ ನಮ್ಮ ಕೈಯಲ್ಲಿಯೇ ಇದೆ.

ನೋಡಿರಿ, ಹೆದರಿಸುವ ಮಾತಿಗೂ ಎಚ್ಚರಿಸುವ ಮಾತಿಗೂ ಭೇದವುಂಟು. ಹೆದರಿಸುವವನು ಅಪಾಯವನ್ನಷ್ಟೇ ಹೇಳಿ ಹೋಗುತ್ತಾನೆ. ಇಲ್ಲವೆ ತನ್ನ ಔಷಧದ ಸೀಸೆಯನ್ನು ಮುಂದಿಡುತ್ತಾನೆ. ಎಚ್ಚರಿಸುವವನು ಅಪಾಯವನ್ನೂ ಹೇಳುತ್ತಾನೆ, ಅದನ್ನು ದಾಟುವ ದಾರಿಯನ್ನೂ ತೋರಿಸುತ್ತಾನೆ. ಆದುದರಿಂದ ಯಾವ ಮಾತು ಬಂದರೂ ನಾಲ್ಕು ಪ್ರಶ್ನೆ ಕೇಳಿರಿ. ಹೇಳಿದವರು ಯಾರು? ಅವರು ಆ ವಿದ್ಯೆ ಕಲಿತವರೇ? ಅದು ಯಾವ ಕಾಲದ ಮಾತು? ಅದರಿಂದ ಅವರಿಗೇನು ಲಾಭ? ಉತ್ತರ ಸಿಗದಿದ್ದರೆ ಆ ಮಾತನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಊರಿನ ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿರಿ. ಕೇಳುವುದು ಅವಮಾನವಲ್ಲ.

ಇಂಥ ಗಾಯಕ್ಕೆ ವಿಭೂತಿ ಬೇಡಿ ಮಠಕ್ಕೆ ಬರುವವರಿಗೆ ನಾವು ಹೇಳುವುದಿಷ್ಟು: ವಿಭೂತಿ ಹಣೆಗಿರಲಿ, ಗಾಯಕ್ಕೆ ಸಾಬೂನು ನೀರಿರಲಿ. ಮೊದಲು ಆಸ್ಪತ್ರೆ, ಆಮೇಲೆ ಮಠ.

ಇಂದು ಮನೆಗೆ ಹೋದೊಡನೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹೇಳಿರಿ: 'ನಾಯಿ ಕಚ್ಚಿದರೂ ಪರಚಿದರೂ ಬಂದು ಹೇಳಪ್ಪ, ಹೇಳವ್ವ, ನಾವು ಬೈಯುವುದಿಲ್ಲ.' ಆ ಅಭಯದ ಮಾತು ಒಂದು ಜೀವವನ್ನು ಉಳಿಸೀತು. ಎಲ್ಲರಿಗೂ ಒಳಿತಾಗಲಿ.