ನಮ್ಮ ಮನೆಯ ಎರಡು ಗಾಡಿಗಳು

ಎರಡು ದೋಣಿಗಳಲ್ಲಿ ಕಾಲಿಡಬಾರದೆಂದು ಹಿರಿಯರು ಹೇಳಿದ್ದಾರೆ. ಎರಡು ಕಾರುಗಳ ವಿಷಯದಲ್ಲಿ ಅವರು ಏನನ್ನೂ ಹೇಳಿದಂತಿಲ್ಲ. ಆ ಮೌನವನ್ನೇ ಸಮ್ಮತಿಯೆಂದು ಎಣಿಸಿ, ಅರಸೀಕೆರೆಯ ನಮ್ಮ ಮನೆಯ ಹಿತ್ತಿಲಲ್ಲಿ, ಮೇಲೆ ತೆಂಗಿನ ಗರಿ ಬೀಳದಂತೆ ತಗಡಿನ ಮಾಡು ಹೊದಿಸಿ, ಎರಡು ಹಳೆಯ ಗಾಡಿಗಳನ್ನು ನಿಲ್ಲಿಸಿಕೊಂಡಿದ್ದೇನೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಪಂಪನನ್ನೋ ರಾಘವಾಂಕನನ್ನೋ ಕುರಿತು ಮಾತನಾಡುವುದನ್ನು ಬಿಟ್ಟು ಕಾರಿನ ಮಾತೆತ್ತಿದನಲ್ಲ ಎಂದು ಕೆಲವರು ಹುಬ್ಬೇರಿಸಬಹುದು. ಹಳೆಯದನ್ನು ಪರೀಕ್ಷಿಸಿ ಆರಿಸುವುದು, ಆರಿಸಿದ್ದನ್ನು ಕೆಡದಂತೆ ಕಾಯುವುದು, ಇವೆರಡೂ ನನ್ನ ಕಸುಬಿಗೆ ಅಷ್ಟೇನೂ ದೂರದವಲ್ಲ.

ಮೊದಲನೆಯದು 1965ರ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಗಾಡಿ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹುಟ್ಟಿತು. 1961ರಿಂದ ನಮ್ಮ ಮದರಾಸಿನಲ್ಲಿ ತಯಾರಾಗತೊಡಗಿತು. ಆ ಕಾರ್ಖಾನೆ ಈಗಿಲ್ಲ. ವಕೀಲರಾಗಿದ್ದ ನಮ್ಮ ತಂದೆ 1971ರಲ್ಲಿ ಬೇಲೂರಿನಾಚೆಯ ಕಾಫಿ ತೋಟದವರೊಬ್ಬರಿಂದ ಇದನ್ನು ಕೊಂಡು, ಹಳೇಬೀಡು, ಜಾವಗಲ್, ಬಾಣಾವರದ ದಾರಿಯಲ್ಲಿ ಮನೆಗೆ ತಂದರು. ಆಗ ನನಗೆ ಹನ್ನೆರಡು ವರ್ಷ. ಗಾಡಿಗೆ ಎರಡೇ ಬಾಗಿಲು. ಇಂಥವನ್ನು 'ಕೂಪೆ' ಎನ್ನುತ್ತಾರೆಂದು ತಂದೆ ಹೆಮ್ಮೆಯಿಂದ ಹೇಳಿದರು. ಶಾಸ್ತ್ರ ಬಲ್ಲವರು ಇದನ್ನು ಒಪ್ಪಲಾರರು. ಹೆರಾಲ್ಡಿನಲ್ಲೇ ಕೂಪೆ ಎಂಬ ಬೇರೊಂದು ರೂಪ ಇಂಗ್ಲೆಂಡಿನಲ್ಲಿತ್ತು. ನಮ್ಮ ತಾಯಿಗೆ ಮಾತ್ರ ಆ ಹೆಸರು ಸರಿಯಾಗಿಯೇ ಕೇಳಿಸಿತು. ಮುಂದಿನ ಆಸನವನ್ನು ಮಡಚಿ, ಸೀರೆಯ ನೆರಿಗೆ ಹಿಡಿದುಕೊಂಡು, ತಲೆ ತಗ್ಗಿಸಿ ಹಿಂದಿನ ಸೀಟಿಗೆ ಇಳಿಯಬೇಕಾಗಿದ್ದ ಆಕೆ, "ಇದು ಕೂಪವೇ ಸರಿ, ಇಳಿದವರನ್ನು ಹಗ್ಗ ಹಾಕಿ ಎಳೆಯಬೇಕು" ಎಂದರು. ಅಂದಿನಿಂದ ಹಿಂದೆ ಕುಳಿತ ನಾವು ಮಕ್ಕಳೆಲ್ಲ ಕೂಪಮಂಡೂಕಗಳಾದೆವು.

ಈ ಗಾಡಿಯ ಮೂತಿ, ರೆಕ್ಕೆ, ದೀಪಗಳೆಲ್ಲ ಒಂದೇ ಮುಚ್ಚಳವಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಆಮೇಲೆ ಮುಂದಿನ ಚಕ್ರದ ಮೇಲೆ ಜಗಲಿಯಲ್ಲಿ ಕುಳಿತಂತೆ ಕುಳಿತು ಎಂಜಿನ್ ಕೆಲಸ ಮಾಡಬಹುದು. ಇಪ್ಪತ್ತೈದು ಅಡಿಯ ವೃತ್ತದೊಳಗೆ ಅದು ತಿರುಗುತ್ತದೆ. ನಮ್ಮ ಪೇಟೆಯ ಓಣಿಗಳಲ್ಲಿ ಈ ಗುಣಕ್ಕೆ ಇರುವ ಬೆಲೆಯನ್ನು ಕೊಬ್ಬರಿ ಹರಾಜಿನ ದಿನ ಅಲ್ಲಿ ಗಾಡಿ ಹೊಡೆದವರೇ ಬಲ್ಲರು.

2011ರ ಕಾರ್ತಿಕದಲ್ಲಿ, ಬೇಲೂರಿನಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿ, ನಾನೂ ನನ್ನ ಹೆಂಡತಿಯೂ ರಾತ್ರಿ ಇದೇ ಗಾಡಿಯಲ್ಲಿ ಮರಳುತ್ತಿದ್ದೆವು. ಹಳೇಬೀಡು ದಾಟಿ ಜಾವಗಲ್ಲಿನ ಹತ್ತಿರ ಬಂದಿದ್ದೆವು. ಎದುರಿಗೆ ಬಂದ ಲಾರಿಗೆ ದಾರಿ ಬಿಡಲೆಂದು ನಿಧಾನಿಸಿ ಎಡಕ್ಕೆ ತಿರುಗಿಸಿದೆ. ಮುಂದಿನ ಎಡಚಕ್ರ ಮಂಡಿ ಮುರಿದಂತೆ ಒಳಕ್ಕೆ ಮಡಚಿಕೊಂಡಿತು. ಗಾಡಿ ಮೂತಿಯನ್ನು ನೆಲಕ್ಕೆ ಉಜ್ಜುತ್ತ ರಾಗಿ ಹೊಲದ ಅಂಚಿನಲ್ಲಿ ನಿಂತಿತು. ಇಬ್ಬರಿಗೂ ಪೆಟ್ಟಾಗಲಿಲ್ಲ. ಐದು ನಿಮಿಷ ಮುಂಚೆ, ನೇರ ರಸ್ತೆಯಲ್ಲಿ ಅರವತ್ತರ ವೇಗದಲ್ಲಿದ್ದಾಗ ಹೀಗಾಗಿದ್ದರೆ ಈ ಭಾಷಣ ಮಾಡಲು ನಾನು ಇರುತ್ತಿರಲಿಲ್ಲ.

ಕಾರಣವನ್ನು ಹೇಳಲೇಬೇಕು, ಏಕೆಂದರೆ ತಪ್ಪು ನನ್ನದು. ಹೆರಾಲ್ಡಿನ ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿ ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ತಿರುಪಿನಂತೆ ಕುಳಿತಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪು ಒಳಗೇ ಹೊರಳುತ್ತದೆ. ಅದಕ್ಕೆ ಉಣಿಸಬೇಕಾದದ್ದು ಗೇರ್‌ಬಾಕ್ಸಿಗೆ ಹಾಕುವಂಥ ಗಟ್ಟಿ ಎಣ್ಣೆ, ಗ್ರೀಸ್ ಅಲ್ಲ. ಗ್ರೀಸ್ ತಿರುಪಿನ ಎಳೆಗಳ ಬುಡದವರೆಗೂ ಇಳಿಯದೆ ಮೇಲೆಯೇ ಒಣಗಿ ಗಡ್ಡೆ ಕಟ್ಟುತ್ತದೆ. ಕೆಳಗೆ ನೀರು ಸೇರಿ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ. ಗ್ರೀಸ್ ಗನ್ ಹಿಡಿಯುವ ಮೂತಿ ಕಂಡಲ್ಲೆಲ್ಲ ಗ್ರೀಸ್ ಹೊಡೆಯುವುದು ಲೋಕರೂಢಿ. ಹಾಗೆ ವರ್ಷಗಟ್ಟಲೆ ಹೊಡೆಸಿದವನು ನಾನು. ಎಣ್ಣೆಯನ್ನೇ ಹಾಕಬೇಕೆಂದು ಸ್ಪಷ್ಟವಾಗಿ ಅಚ್ಚಾದ ಕೈಪಿಡಿ ನನ್ನ ಕಪಾಟಿನಲ್ಲಿ, ಹಳಗನ್ನಡ ನಿಘಂಟಿನ ಪಕ್ಕದಲ್ಲಿಯೇ, ನಲವತ್ತು ವರ್ಷ ಕುಳಿತಿತ್ತು. ಅಡಿಟಿಪ್ಪಣಿ ಓದದ ವಿದ್ಯಾರ್ಥಿಗಳನ್ನು ಗದರಿಸುತ್ತಿದ್ದ ಮೇಷ್ಟರು ಆ ಪುಟವನ್ನು ತೆರೆದಿರಲಿಲ್ಲ.

ಆ ರಾತ್ರಿ ಹೊಲದ ಬದುವಿನ ಮೇಲೆ ಕುಳಿತು ನನ್ನ ಹೆಂಡತಿ ಹೇಳಿದ ಮಾತು: "ನೋಡಿ, ಮಾವನವರ ಗಾಡಿಯನ್ನು ಮಾರಬೇಡಿ. ಆದರೆ ಕತ್ತಲಾದ ಮೇಲೆ ನಾನು ಇದರಲ್ಲಿ ಕೂರುವುದಿಲ್ಲ. ಇನ್ನೊಂದು ತನ್ನಿ." ಎರಡನೆಯ ಕಾರಿನ ಮೂಲ ಇದು.

ಸಣ್ಣದೊಂದು ಹೊಸ ಗಾಡಿಯನ್ನು ತಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ನನ್ನ ಚಪಲವನ್ನು ಒಪ್ಪಿಕೊಳ್ಳುತ್ತೇನೆ. ಜೀವಮಾನವೆಲ್ಲ ನಿಧಾನದ ಸಂಗತಿಗಳನ್ನು ಪಾಠ ಹೇಳಿದವನಿಗೆ ಒಳಗೊಳಗೇ ವೇಗದ ಆಸೆಯಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ತನ್ನ ಹೋಂಡಾ ಸಿಟಿಯಲ್ಲಿ ನನ್ನನ್ನು ಹಾಸನಕ್ಕೆ ಕರೆದೊಯ್ದಿದ್ದ. 1998ರಲ್ಲಿ ನಮ್ಮ ದೇಶಕ್ಕೆ ಬಂದ ಆ ಸೆಡಾನಿಗೆ 2000ದಲ್ಲಿ ವಿ-ಟೆಕ್ ಎಂಬ ಎಂಜಿನ್ ಸೇರಿಸಿದರು: ಒಂದೂವರೆ ಲೀಟರು, 106 ಅಶ್ವಶಕ್ತಿ. ಅದರಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ಉಬ್ಬುಗಳು ಎರಡು ಬಗೆ. ಎಂಜಿನ್ ಮೆಲ್ಲನೆ ತಿರುಗುವಾಗ ಒಂದು ಬಗೆಯವು ದುಡಿಯುತ್ತವೆ. ವೇಗವೇರಿದಾಗ ಎಣ್ಣೆಯ ಒತ್ತಡದಿಂದ ಎತ್ತರದ ಉಬ್ಬುಗಳು ಕೆಲಸಕ್ಕೆ ಸೇರಿಕೊಂಡು ಕವಾಟಗಳನ್ನು ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ತೆರೆಯುತ್ತವೆ. ಆಗ ಎಂಜಿನ್ನಿನ ದನಿಯೇ ಬದಲಾಗುತ್ತದೆ. ಮಂದಾನಿಲ ರಗಳೆ ನಡುವೆಯೇ ಉತ್ಸಾಹ ರಗಳೆಯಾದಂತೆ. ಆ ದನಿ ಕಿವಿಯಲ್ಲಿ ಉಳಿದಿತ್ತು.

ಹೀಗೆ 2012ರಲ್ಲಿ, ಹತ್ತು ವರ್ಷ ಹಳೆಯ ಸಿಟಿ ವಿ-ಟೆಕ್ ಒಂದನ್ನು ಅರಸುತ್ತ ಹೊರಟೆ. ಜೊತೆಗೆ ನಮ್ಮೂರಿನ ಮೇಸ್ತ್ರಿ. ಮುರಿದ ಹೆರಾಲ್ಡನ್ನು ಎತ್ತಿನ ಗಾಡಿಯವರ ಸಹಾಯದಿಂದ ರಸ್ತೆಗೆ ಎಳೆಸಿ ಊರಿಗೆ ತಂದು ನಿಲ್ಲಿಸಿದವರು ಅವರೇ. ನನಗಿಂತ ಹತ್ತು ವರ್ಷ ಹಿರಿಯರು, ಅಕ್ಷರ ಕಲಿತವರಲ್ಲ. ಅವರು ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಾರೆ, ನಾನು ಅವರನ್ನು ಮೇಸ್ತ್ರಿಗಳೇ ಎನ್ನುತ್ತೇನೆ. ದೂರದಿಂದ ಕೇಳಿದವರಿಗೆ ಯಾರು ಯಾರನ್ನು ಕರೆದರೆಂದು ತಿಳಿಯದು.

ಬಳಸಿದ ಕಾರನ್ನು ನೋಡುವುದೆಂದರೆ ಓಲೆಗರಿಯ ಪ್ರತಿಯನ್ನು ನೋಡಿದಂತೆ ಎಂದು ಆ ಮೂರು ವಾರಗಳಲ್ಲಿ ತಿಳಿಯಿತು. ಪ್ರತಿಕಾರ ಏನು ಬರೆದಿದ್ದಾನೆ ಎನ್ನುವುದಕ್ಕಿಂತ ಎಲ್ಲಿ ತಿದ್ದಿದ್ದಾನೆ ಎನ್ನುವುದನ್ನು ಹುಡುಕಬೇಕು. ಮೊದಲು ನೋಡಿದ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮೀಟರು ತೋರಿಸಿದ್ದು 48,000 ಕಿಲೋಮೀಟರ್. ಮೇಸ್ತ್ರಿ ಮೀಟರಿನ ಕಡೆ ನೋಡಲೇ ಇಲ್ಲ. ಬಗ್ಗಿ ಬ್ರೇಕ್ ಪೆಡಲನ್ನು ಬೆರಳಿನಿಂದ ಸವರಿದರು. ರಬ್ಬರು ಸವೆದು ಕಬ್ಬಿಣ ಇಣುಕುತ್ತಿತ್ತು. "ಮೇಷ್ಟ್ರೇ, ಈ ಕಾಲು ನಲವತ್ತೆಂಟು ಸಾವಿರದ್ದಲ್ಲ" ಎಂದಷ್ಟೇ ಹೇಳಿ ಹೊರಬಂದರು. ಎರಡನೆಯದರಲ್ಲಿ ನಾನೇ ಪ್ರಕ್ಷೇಪ ಹಿಡಿದೆ ಎಂಬ ಹೆಮ್ಮೆ ನನಗಿದೆ. ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತಿರುತ್ತದೆ; ಐದು ಗಾಜು ಒಂದು ವರ್ಷದವು, ಎಡಗಡೆಯ ಎರಡು ಬೇರೆ. ಬಾಗಿಲಿನ ರಬ್ಬರನ್ನು ಎತ್ತಿ ನೋಡಿದರೆ ಒಳಗೆ ಕಾರ್ಖಾನೆಯ ಬೆಸುಗೆಯ ಚುಕ್ಕೆಗಳ ಬದಲು ಪುಟ್ಟಿ ಮೆತ್ತಿತ್ತು. ಆ ಗಾಡಿ ಎಡಮಗ್ಗುಲಲ್ಲಿ ದೊಡ್ಡ ಪೆಟ್ಟು ತಿಂದು, ಬಣ್ಣ ಹೊದ್ದು ಬಂದಿತ್ತು. ಮಾರುವವರು ಆ ಮಾತನ್ನೇ ಎತ್ತಲಿಲ್ಲ.

ಮೂರನೆಯದು ಹಾಸನದಲ್ಲಿ, ನಿವೃತ್ತ ಅಧಿಕಾರಿಯೊಬ್ಬರ ಮನೆಯಲ್ಲಿ. 1,08,000 ಕಿಲೋಮೀಟರ್ ಓಡಿತ್ತು, ಮಾಡಿನ ಬಣ್ಣ ಬಿಸಿಲಿಗೆ ಮಂಕಾಗಿತ್ತು, ನೋಡಲು ಬಡವಾಗಿತ್ತು. ಮೇಸ್ತ್ರಿ ಎಂಜಿನ್ ಮೇಲೆ ಕೈಯಿಟ್ಟು ತಣ್ಣಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಚಾಲೂ ಮಾಡಿಸಿದರು. ಬಿಸಿ ಮಾಡಿಟ್ಟ ಎಂಜಿನ್ ಬಹಳಷ್ಟು ಕಾಯಿಲೆಗಳನ್ನು ಮುಚ್ಚಿಡುತ್ತದಂತೆ. ನೀಲಿ ಹೊಗೆ ಬರಲಿಲ್ಲ. ಎಣ್ಣೆಯ ಮುಚ್ಚಳದಡಿ ಮಜ್ಜಿಗೆಯಂಥ ನೊರೆಯಿರಲಿಲ್ಲ. ಟೈರುಗಳ ಮೇಲೆ ವಾರ ಮತ್ತು ವರ್ಷ ಸೂಚಿಸುವ ನಾಲ್ಕಂಕಿಗಳು ನಾಲ್ಕರಲ್ಲೂ ಒಂದೇ ಇದ್ದವು. ಅಷ್ಟರಲ್ಲಿ ನನ್ನ ಹೆಂಡತಿ ಹಿಂದಿನ ಡಿಕ್ಕಿಯನ್ನು ತೆರೆಸಿ ನೋಡಿದಳು. ಜಾಕು, ಸ್ಪ್ಯಾನರುಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ದಾರ ಕಟ್ಟಿಟ್ಟಿದ್ದರು. ಪಕ್ಕದಲ್ಲೊಂದು ಲೆಕ್ಕದ ಪುಸ್ತಕ. ಹತ್ತು ವರ್ಷಗಳ ಒಂದೊಂದು ಪೆಟ್ರೋಲ್ ತುಂಬಿಸಿದ್ದೂ ಒಂದೊಂದು ಎಣ್ಣೆ ಬದಲಿಸಿದ್ದೂ ಅದರಲ್ಲಿತ್ತು. "ಇದೇ ಇರಲಿ" ಎಂದಳು. ನಾವಿಬ್ಬರು ಪಂಡಿತರು ಇನ್ನೂ ಗಾಡಿಯ ಕೆಳಗೆ ಇಣುಕುತ್ತಿದ್ದೆವು.

ಕೊಂಡ ವಾರದಲ್ಲೇ ಟೈಮಿಂಗ್ ಬೆಲ್ಟನ್ನು, ಅದರ ಜೊತೆಗೆ ನೀರಿನ ಪಂಪನ್ನು ಬದಲಿಸಿದೆವು. ಲೆಕ್ಕದ ಪುಸ್ತಕದಲ್ಲಿ ಆ ಒಂದು ನಮೂದು ಮಾತ್ರ ಇರಲಿಲ್ಲ. ಈ ರಬ್ಬರು ಪಟ್ಟಿ ಓಟದಿಂದ ಸವೆಯುವಂತೆ ವಯಸ್ಸಿನಿಂದಲೂ ಬಿರುಕು ಬಿಡುತ್ತದೆ. ಓಡುವಾಗ ಹರಿದರೆ ಕವಾಟಗಳು ಪಿಸ್ಟನ್ನಿಗೆ ಬಡಿದು, ಸಾವಿರಗಳಲ್ಲಿ ಮುಗಿಯುವ ಖರ್ಚು ಎಂಜಿನ್ನಿನ ಬೆಲೆಗೇ ಏರಬಹುದು. ಜಾವಗಲ್ಲಿನ ರಾತ್ರಿಯ ಮೇಲೆ ನಾನು ಕೈಪಿಡಿಗಳನ್ನು ಮೊದಲ ಪುಟದಿಂದ ಓದುವವನಾಗಿದ್ದೆ. ಇನ್ನು ಈ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ. ನಮ್ಮ ಹಳ್ಳಿಗಳವರು ರಾತ್ರೋರಾತ್ರಿ ಹಾಕುವ ಉಬ್ಬುಗಳನ್ನು ಓರೆಯಾಗಿ, ಒಂದೊಂದೇ ಚಕ್ರವಾಗಿ ಏರಿಸಿ ಇಳಿಸಬೇಕು. ಹಾಸನಕ್ಕೆ ಹೋಗುವಷ್ಟರಲ್ಲಿ ಪ್ರದಕ್ಷಿಣೆ ಹಾಕಿದ ಅನುಭವವಾಗುತ್ತದೆ. ಬಿಡಿಭಾಗಗಳು ಈಗೀಗ ದುರ್ಲಭ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಯೇ ಗತಿ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ನಿಯಮ ತಂದಿತು. ಹೆರಾಲ್ಡನ್ನು ಹಾಗೆ ನೋಂದಾಯಿಸಿಬಿಡಿ, ಗೌರವದ ಸ್ಥಾನ ಸಿಗುತ್ತದೆ ಎಂದು ಮಿತ್ರರು ಹೇಳಿದರು. ನಿಯಮವನ್ನು ಓದಿದೆ. ಗಾಡಿ ಮೂಲರೂಪದಲ್ಲಿರಬೇಕು, ಪ್ರದರ್ಶನಕ್ಕೆ, ಸಂಶೋಧನೆಗೆ, ರ‍್ಯಾಲಿಗೆ, ಇಂಧನಕ್ಕೆ, ದುರಸ್ತಿಗೆ ರಸ್ತೆಗಿಳಿಯಬಹುದು, ದಿನಬಳಕೆಗೆ ಇಳಿಯುವಂತಿಲ್ಲ. ನಮ್ಮ ಹೆರಾಲ್ಡಿನ ಡೈನಮೋ ಹೋಗಿ ಮಾರುತಿಯ ಆಲ್ಟರ್ನೇಟರ್ ಬಂದು ಎಷ್ಟೋ ಕಾಲವಾಯಿತು. ಮೂಲಪಾಠದ ಶುದ್ಧಿ ಅಲ್ಲಿಗೇ ಹೋಯಿತೆನ್ನಿ. ಆದರೆ ನನ್ನನ್ನು ತಡೆದದ್ದು ಅದಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಇಂದಿಗೂ ಅಲ್ಲಿ ಗಂಟೆ ಮೊಳಗುತ್ತದೆ, ನೈವೇದ್ಯ ನಡೆಯುತ್ತದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ. ಗರ್ಭಗುಡಿಯ ಮೇಲಿನ ಶಿಖರದ ಭಾರ ಹೆಚ್ಚಾಯಿತೆಂದು 19ನೆಯ ಶತಮಾನದಲ್ಲಿ ಅದನ್ನು ಇಳಿಸಿ ಕೆಳಗಿನದನ್ನು ಉಳಿಸಿಕೊಂಡರು. ಹದಿನಾರು ಕಿಲೋಮೀಟರ್ ಈಚೆಗೆ ಹಳೇಬೀಡು. ಹುಲ್ಲುಹಾಸು, ಫಲಕ, ಕಾವಲುಗಾರ. 2023ರಲ್ಲಿ ಯುನೆಸ್ಕೊ ಎರಡನ್ನೂ ಸೋಮನಾಥಪುರದೊಡನೆ ಒಂದೇ ಪಟ್ಟಿಗೆ ಸೇರಿಸಿತು. ಹಳೇಬೀಡಿನ ಗೋಡೆಯ ಮುಂದೆ ನಾನು ಬೇಲೂರಿನಲ್ಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆಂಬುದು ನಿಜ. ಆದರೂ ನಮ್ಮ ಗಾಡಿಯನ್ನು ಬೇಲೂರಿನ ಪಂಕ್ತಿಗೇ ಸೇರಿಸಿದೆ. ವಿಂಟೇಜ್ ಅರ್ಜಿ ಹಾಕಲಿಲ್ಲ.

ಅದರ ಫಲವನ್ನು ತೆರುತ್ತಿದ್ದೇನೆ. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 10,000. ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೆಯ ಕಾಲದ ರಬ್ಬರು ಅದನ್ನು ತಾಳದೆ ಮೆತ್ತಗಾಗಿ ಒಸರುತ್ತದೆ. ಹೆರಾಲ್ಡಿನ ಪೆಟ್ರೋಲ್ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಬದಲಿಸಿಯಾಯಿತು. 2027ರಲ್ಲಿ ಸಿಟಿಯ ಸರದಿ ಬರುತ್ತದೆ. "ಅಪ್ಪಾ, ಒಂದನ್ನಾದರೂ ಬಿಡಿ" ಎನ್ನುತ್ತಾನೆ ಬೆಂಗಳೂರಿನಲ್ಲಿರುವ ಮಗ. ಅವನ ಲೆಕ್ಕದಲ್ಲಿ ತಪ್ಪಿಲ್ಲ.

ನನ್ನ ಆತಂಕ ಬೇರೆ. ಮೇಸ್ತ್ರಿಗೆ ಎಪ್ಪತ್ತಾರಾಗಿದೆ. ಎರಡು ವರ್ಷದಿಂದ ಕಣ್ಣು ಮಂಜಾಗಿ, ಗಾಡಿಯ ಕೆಳಗೆ ಮಲಗುವುದನ್ನು ಬಿಟ್ಟಿದ್ದಾರೆ. ಮೊಮ್ಮಗ ಜಾಣ, ಕಂಪ್ಯೂಟರಿಗೆ ತಂತಿ ಜೋಡಿಸಿ ಹೊಸ ಗಾಡಿಗಳ ರೋಗ ಹೇಳುತ್ತಾನೆ. ಸಿಟಿಯನ್ನು ಅವನು ನಿಭಾಯಿಸುತ್ತಾನೆ. ಹೆರಾಲ್ಡಿಗೆ ತಂತಿ ಜೋಡಿಸುವ ಜಾಗವೇ ಇಲ್ಲ. ಅದರ ವಿದ್ಯೆಯೆಲ್ಲ ಆ ಹಿರಿಯರ ಬೆರಳ ತುದಿಯಲ್ಲಿದೆ. ಆದ್ದರಿಂದ ಒಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಅವರ ಷೆಡ್ಡಿನಲ್ಲಿ ಸ್ಟೂಲಿನ ಮೇಲೆ ಕುಳಿತು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುತ್ತಿದ್ದೇನೆ. ಕಾರ್ಬೊರೇಟರು ಕೆಮ್ಮುವುದಕ್ಕೂ ಬಿಕ್ಕುವುದಕ್ಕೂ ಇರುವ ವ್ಯತ್ಯಾಸ, ಪ್ಲಗ್ಗಿನ ತುದಿ ಮುಂಗಾರಿನ ಮಣ್ಣಿನ ಬಣ್ಣಕ್ಕೆ ಬಂದರೆ ಸರಿ ಎಂಬ ಲಕ್ಷಣ, ಟ್ರನಿಯನ್ನಿಗೆ ಎಣ್ಣೆ ಉಣಿಸುವಾಗ ಹಳೆಯ ಎಣ್ಣೆ ಕಪ್ಪಾಗಿ ಹೊರಬಂದು ಹೊಸದು ಕಾಣುವವರೆಗೂ ನಿಲ್ಲಿಸಬಾರದೆಂಬ ವಿಧಿ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನೂರ ನಲವತ್ತು ತುಂಬಿವೆ. ಮೊಮ್ಮಗ ಆಗಾಗ ಬಂದು ನನ್ನ ಭುಜದ ಮೇಲಿಂದ ಇಣುಕಿ ಓದುತ್ತಾನೆ. ಹೋದ ತಿಂಗಳು ಒಂದು ಕಡೆ ನನ್ನ ತಪ್ಪನ್ನೂ ತಿದ್ದಿದ.

ಕಳೆದ ಭಾನುವಾರ, ಟ್ರನಿಯನ್ ಮುರಿಯುವ ಮುನ್ನ ಏನಾದರೂ ಸದ್ದು ಕೊಡುತ್ತದೆಯೇ ಎಂದು ಕೇಳಿದೆ. "ಕೊಡ್ತದೆ ಮೇಷ್ಟ್ರೇ, ಬಾಯಲ್ಲಿ ಹೇಳಕ್ಕೆ ಬರಲ್ಲ" ಎಂದರು. ಮುಂದಿನ ವಾರ ಹೆರಾಲ್ಡನ್ನು ತರಲು ಹೇಳಿದ್ದಾರೆ. ನಾನು ಸ್ಟಿಯರಿಂಗ್ ತಿರುಗಿಸಬೇಕು, ಅವರು ಚಕ್ರದ ಬಳಿ ಕೈಯಿಟ್ಟು ಕೂರುತ್ತಾರೆ, ಅವರ ಕೈಯ ಮೇಲೆ ಮೊಮ್ಮಗ ಕೈಯಿಡಬೇಕು. ಬಾಣಾವರದವರೆಗೆ ಹೋಗಿಬರುವ ವಾಡಿಕೆಯನ್ನು ಆ ದಿನ ಬಿಟ್ಟು, ಬೆಳಿಗ್ಗೆ ಎಂಟಕ್ಕೇ ಷೆಡ್ಡಿನಲ್ಲಿರಲು ಒಪ್ಪಿದ್ದೇನೆ.